ಬೆಚ್ಚಗಿಟ್ಟ ಔಷಧ

ಹಳಿಯಾಳ
11 ಆಗಸ್ಟ್ 2024

ನೀಲಕ್ಕನವರಿಗೆ ಜಾಸ್ಮಿನಳ ನಮಸ್ಕಾರ.

ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿ. ನಾನು ನಿಮಗೆ ಬಂಧುವಲ್ಲ, ಬಳಗವಲ್ಲ. ಮುಂಡಗೋಡದ ಹಾಸ್ಟೆಲ್ಲಿನಲ್ಲಿ ನೀವು ಅಡುಗೆ ಮಾಡಿ ಬಡಿಸಿದ ಎಷ್ಟೋ ಹುಡುಗಿಯರಲ್ಲಿ ಒಬ್ಬಳು. ನೆನಪಿದೆಯೋ ಇಲ್ಲವೋ. ದಾಂಡೇಲಿಯ ಗ್ಯಾರೇಜಿನ ಮುಬಾರಕ ಅವರ ಮಗಳು. ರಂಜಾನ್ ತಿಂಗಳಲ್ಲಿ ಇಡೀ ಹಾಸ್ಟೆಲ್ಲಿಗೆ ಒಬ್ಬಳೇ ರೋಜಾ ಹಿಡಿಯುತ್ತಿದ್ದೆ, ನೀವು ನಸುಕಿನಲ್ಲಿ ಕಾಲು ಜಗ್ಗಿ ಎಬ್ಬಿಸಿ ಮೊಸರನ್ನ ಹಾಕುತ್ತಿದ್ದಿರಿ. ಆ ಹುಡುಗಿ.

ನಿಮ್ಮ ವಿಳಾಸ ಕೊಟ್ಟದ್ದು ವಾಚ್‌ಮನ್ ಸೋಮಪ್ಪಣ್ಣ. ಫೋನ್ ನಂಬರ್ ಕೇಳಿದ್ದಕ್ಕೆ, “ಆಕಿ ಕಿವಿ ಪೂರಾ ಹೋಗ್ಯಾವ ಬೇ, ಕ್ಯಾಸಲ್‌ರಾಕಿನ್ಯಾಗ ರೇಂಜೂ ಇಲ್ಲ. ಕಾಗದ ಬರಿ. ಈಗಿನ ಕಾಲದಾಗ ಕಾಗದ ಬರಿಯಾಕ ಬರ್ತೈತಿಲ್ಲೋ?” ಎಂದು ನಕ್ಕರು. ನಮಗೆ ಬರುತ್ತದೆ. ಹಾಸ್ಟೆಲ್ಲಿನಲ್ಲಿ ಪ್ರತಿ ಭಾನುವಾರ ಕೂಡಿಸಿ ಬರೆಸುತ್ತಿದ್ದರಲ್ಲ. ನನ್ನವು ಹೆಚ್ಚಿನವು ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದವು. ಅಮ್ಮಿ ಇರಲಿಲ್ಲ, ಅಬ್ಬಾಗೆ ಕನ್ನಡ ಓದಲು ಬರುವುದಿಲ್ಲ.

ಇಲ್ಲಿ ಬಿ.ಎಸ್ಸಿ. ಬಯೋಟೆಕ್ನಾಲಜಿ ಸೇರಿದ್ದೇನೆ. ಫಸ್ಟ್ ಇಯರ್. ರೂಮಿನಲ್ಲಿ ನನ್ನ ಜೊತೆ ಇನ್ನಿಬ್ಬರು, ಅವರು ಮರಾಠಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಆದರೂ ನಾನು ಆರಾಮಾಗಿದ್ದೇನೆ. ನಿಲೋಫರ ಎಂಬ ಒಳ್ಳೆಯ ಫ್ರೆಂಡ್ ಸಿಕ್ಕಿದ್ದಾಳೆ, ಕ್ಯಾಂಟೀನಿಗೆ ಯಾವಾಗಲೂ ಕೂಡಿಯೇ ಹೋಗುತ್ತೇವೆ. ಇಲ್ಲಿಯ ಮೊಸರು ಮಾತ್ರ ಪ್ಯಾಕೆಟ್‌ನದು, ನೀರು ನೀರು.

ಏನೂ ವಿಶೇಷವಿಲ್ಲ. ಸುಮ್ಮನೆ ಬರೆದೆ. ಉತ್ತರ ಬರೆಯಲೇಬೇಕೆಂದಿಲ್ಲ.

ಜಾಸ್ಮಿನ

•

ಕ್ಯಾಸಲ್‌ರಾಕ್
29 ಆಗಸ್ಟ್ 2024

ಏ ಜಾಸ್ಮೀ,

ನೆನಪೈತೋ ಇಲ್ಲೋ ಅಂತ ಕೇಳ್ತೀಯಲ್ಲ, ನಿನ್ನ ಬಾಯಾಗ ಸಕ್ರಿ ಹಾಕ. ಬದನಿಕಾಯಿ ಪಲ್ಯ ಮಾಡಿದ ದಿನಾ ಹೊಟ್ಟಿ ಬ್ಯಾನಿ ಅಂತ ಮಲಗಾಕಿ ನೀನ ಅಲ್ಲೇನು? ಆಮ್ಯಾಲ ಕದ್ದು ಬಂದು ಮಸರನ್ನ ಉಣ್ಣಾಕಿ?

ನಾನು ಏಳನೇ ಇಯತ್ತೆತನಕ ಕಲ್ತಾಕಿ, ಮಾತಾಡಿದಂಗ ಬರೀತೇನಿ. ನಗಬ್ಯಾಡ.

ನನ್ನ ಅಣ್ಣನ ಮಗ ಸಂಜೀವಕುಮಾರ ಇಲ್ಲೆ ರೇಲ್ವೇದಾಗ ಹಳಿ ಬದಲಸೂ ಪಾಯಿಂಟ್ಸ್‌ಮನ್ ಅದಾನ. ಅವನ ಕ್ವಾರ್ಟರ್ಸಿನ್ಯಾಗ ಇರ್ತೇನಿ. ಹುಡುಗ ಬಂಗಾರದಂತಾಂವ. ಆದ್ರ ಡ್ಯೂಟಿಂದ ಬರ್ತಾನ, ಉಣ್ತಾನ, ಮಲಗ್ತಾನ. ನನ್ನ ಸಂಗಾಟ ಮಾತಾಡಬೇಕಂದ್ರ ಒದರಬೇಕು, ದಣದು ಬಂದಾಂವ ಎಷ್ಟಂತ ಒದರ್ಯಾನು? ಮಳಿ ಸುರಿಯಾಕತ್ತೈತಿ, ಅದರ ಸಪ್ಪಳ ಸೈತ ನನಗ ಇಲ್ಲ. ಗಾಡಿ ಬಂದದ್ದು ಮಾತ್ರ ಗೊತ್ತಾಕೈತಿ. ನೆಲ ನಡಗತೈತಿ ನೋಡು, ಅಂಗಾಲಾಗ ಬರ್ತೈತಿ. ಗೋವಾ ಕಡೆ ಹೋಗೂ ಗಾಡಿ ಬ್ಯಾರೆ, ಲೋಂಡಾ ಕಡೆ ಹೋಗೂದು ಬ್ಯಾರೆ. ಕಾಲಾಗ ಎಣಸ್ಕೋತ ಕುಂದರ್ತೇನಿ.

ಈಗ ನಿನ್ನ ಒಂದು ಕೇಳೂದೈತಿ. ನನಗ ಸಕ್ರಿ ಬ್ಯಾನಿ ಭಾಳ ಏರೈತಿ. ಗುಳಗಿ ಹತ್ತವಲ್ಲು, ಇನ್ನ ಸೂಜಿನ ಅಂದ್ರು ರಾಮನಗರದ ಡಾಕ್ಟ್ರು. ತಗೋಲಿಲ್ಲಂದ್ರ ಕಾಲು ಹೋಗ್ತಾವು, ಕಣ್ಣು ಹೋಗ್ತಾವು ಅಂದ್ರು. ಕಿವಿ ಅಂತೂ ಹೋಗ್ಯಾವ. ಬಾಟ್ಲಿ ತಂದು ಫ್ರಿಜ್ಜಿನ್ಯಾಗ ಇಟ್ಟಾನ ಸಂಜೀವ. ಆದ್ರ ಬಾಜೂಮನಿ ಪುಂಡಲೀಕನ ಹೇಣ್ತಿ, “ಅದನ್ನ ಹಂದಿ ಹೊಟ್ಟ್ಯಾಗಿಂದ ತಗೀತಾರ ನೀಲಕ್ಕಾ” ಅಂತ ನನ್ನ ಕಿವ್ಯಾಗ ಬಾಯಿಟ್ಟು ಹೇಳಿ ಹೋದ್ಲು. ನಾನು ಲಿಂಗಾ ಕಟ್ಟಿದಾಕಿ. ಇನ್ನೂ ಮುಟ್ಟಿಲ್ಲ.

ಹಂದಿ ಅಂದ್ರ ನಿಮಗೂ ಆಗೂದಿಲ್ಲಲ್ಲ, ಅದಕ್ಕ ನಿನ್ನ ಕೇಳಾಕತ್ತೇನಿ. ನೀ ಓದಾಕಿ. ಖರೇ ಹೇಳು. ನೀ ತಗೋ ಅಂದ್ರ ತಗೋತೇನಿ, ಬ್ಯಾಡ ಅಂದ್ರ ಕಾಲು ಹೋದ್ರೂ ಹೋಗ್ಲಿ.

ನೀಲಕ್ಕ

•

ಹಳಿಯಾಳ
8 ಸೆಪ್ಟೆಂಬರ್ 2024

ಪ್ರೀತಿಯ ನೀಲಕ್ಕ,

ತಗೊಳ್ಳಿ! ಇದನ್ನೇ ಮೊದಲು ಬರೆಯುತ್ತೇನೆ. ತಗೊಳ್ಳಿ.

ನಿಮ್ಮ ಪತ್ರ ಬಂದ ಕೂಡಲೇ ಲೈಬ್ರರಿಗೆ ಓಡಿದೆ. ಪುಂಡಲೀಕನವರ ಮನೆಯವರು ಹೇಳಿದ್ದು ಸುಳ್ಳಲ್ಲ, ಹಳೆಯ ಮಾತು. ಮೊದಲು ಹಂದಿ, ದನಗಳ ಹೊಟ್ಟೆಯೊಳಗಿನ ಒಂದು ಗ್ರಂಥಿಯಿಂದಲೇ ಇನ್ಸುಲಿನ್ ತೆಗೆಯುತ್ತಿದ್ದರಂತೆ. ಈಗ ಹಾಗಿಲ್ಲ. ಬಾಟಲಿಯ ಮೇಲೆ ‘ಹ್ಯೂಮನ್’ ಎಂದು ಇದೆಯೇ ಅಂತ ಸಂಜೀವಣ್ಣನಿಂದ ಓದಿಸಿ. ಇದ್ದರೆ ಅದು ಪ್ರಾಣಿಯದಲ್ಲ. ಮನುಷ್ಯರನ್ನು ಕೊಯ್ದು ತೆಗೆದದ್ದೂ ಅಲ್ಲ, ಗಾಬರಿಯಾಗಬೇಡಿ.

ಅದನ್ನು ಮಾಡುವುದು ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ನಿಮಗೆ ಅದು ಹೊಸದೇನಲ್ಲ! ದಿನಾ ಸಂಜೆ ದೊಡ್ಡ ಪಾತೇಲಿಯ ಹಾಲಿಗೆ ಅರ್ಧ ಸೌಟು ಹೆಪ್ಪು ಬಿಡುತ್ತಿದ್ದಿರಲ್ಲ, ಆ ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾನೇ. ನಾವೆಲ್ಲ ಮಲಗಿದಾಗ ಅವು ಕೆಲಸ ಮಾಡಿ ಹಾಲನ್ನು ಮೊಸರು ಮಾಡುತ್ತಿದ್ದವು. ಇದೂ ಹಾಗೆಯೇ. ಹೊಸ ಅಡುಗೆಯವಳಿಗೆ ನೀವು ಸಾರು ಮಾಡುವುದು ಕಲಿಸಿದಂತೆ, ಮನುಷ್ಯನ ಮೈಗೆ ಗೊತ್ತಿರುವ ಇನ್ಸುಲಿನ್ ಮಾಡುವ ರೀತಿಯನ್ನು ವಿಜ್ಞಾನಿಗಳು ಆ ಜೀವಿಯೊಳಗೆ ಸೇರಿಸುತ್ತಾರೆ. ಅದು ಒಂದಿದ್ದದ್ದು ಎರಡು, ಎರಡಿದ್ದದ್ದು ನಾಲ್ಕು ಆಗುತ್ತಾ ಇನ್ಸುಲಿನ್ ಮಾಡುತ್ತಲೇ ಹೋಗುತ್ತದೆ. ದೊಡ್ಡ ಸ್ಟೀಲಿನ ಟ್ಯಾಂಕಿನಲ್ಲಿ, ಹದವಾದ ಬಿಸಿಯಲ್ಲಿ. ನಿಮ್ಮ ಹೆಪ್ಪಿನ ಕೆಲಸವೇ, ಪಾತೇಲಿ ದೊಡ್ಡದು ಅಷ್ಟೇ.

ಅದರಲ್ಲಿ ಹಂದಿ ಇಲ್ಲ. ನನಗೆ ಬೇಕಾಗಿ ಬಂದರೆ ನಾನೂ ತಗೊಳ್ಳುತ್ತೇನೆ.

ನೀಲಕ್ಕ, ಇಷ್ಟು ಸ್ಪಷ್ಟವಾಗಿ ನಾನು ಯಾರಿಗೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಕ್ಲಾಸಿನಲ್ಲಿ ಎಲ್ಲವೂ ಇಂಗ್ಲಿಷ್. ಅರ್ಥವಾಗುತ್ತದೆ, ಆದರೆ ಹೇಳಲು ಎದ್ದು ನಿಂತರೆ ಇಂಗ್ಲಿಷಿನ ಒಂದು ಶಬ್ದವೂ ನೆನಪಾಗುವುದಿಲ್ಲ. ನಿಮಗೆ ಬರೆಯುವಾಗ ಮಾತು ತಾನಾಗಿ ಬಂತು.

ಜಾಸ್ಮಿನ

•

ಕ್ಯಾಸಲ್‌ರಾಕ್
2 ಅಕ್ಟೋಬರ್ 2024

ಜಾಸ್ಮೀ,

ತಗೊಂಡೆ. ಮೊದಲನೇ ದಿನಾ ಸಂಜೀವ ಚುಚ್ಚಿದ. ಈಗ ನಾನ ಹೊಟ್ಟಿಗೆ ಚುಚ್ಚಿಕೊಳ್ತೇನಿ, ಮುಂಜಾನಿಗೊಮ್ಮೆ ಸಂಜಿಗೊಮ್ಮೆ. ಸೊಳ್ಳಿ ಕಡದಂಗ.

ಹೆಪ್ಪು ಅಂತ ಮದ್ಲ ಹೇಳಿದ್ರ ಯಾರು ಅಂಜತಿದ್ರು? ಸುಳ್ಳ ಇನ್ಸುಲಿನ್ ಪನ್ಸುಲಿನ್ ಅಂತಾರ. ನಿನ್ನ ಕಾಗದ ಪುಂಡಲೀಕನ ಹೇಣ್ತಿಗೆ ಓದಿ ಹೇಳಿದೆ. ಬಾಯಿ ಮುಚ್ಚಿಗೊಂಡು ಹೋದ್ಲು. “ನಮ್ಮ ಹುಡಿಗಿ ಕಾಲೇಜಿನ್ಯಾಗ ಇದನ್ನ ಕಲೀತಾಳ” ಅಂದೆ. ನಮ್ಮ ಹುಡಿಗಿ ಅಂದಿದ್ದಕ್ಕ ಸಿಟ್ಟು ಬರ್ಲಿಲ್ಲಲ್ಲ?

ನೀ ಚಿಂತಿ ಮಾಡಬ್ಯಾಡ. ಇಲ್ಲೆ ಥಂಡಿ ಸುರು ಆಗೈತಿ, ಮಂಜು ಒಳಗ ಬರ್ತೈತಿ. ಆದ್ರ ಹೆಪ್ಪು ಹೆಂಗ ಕಾಯಬೇಕು ಅನ್ನೂದು ನನಗ್ಯಾರೂ ಹೇಳಿಕೊಡೂದು ಬ್ಯಾಡ. ಎಲ್ಲಾ ಬೆಚ್ಚಗ ಇಟ್ಟೇನಿ. ದಿನಾ ಒಂದೆರಡು ಮಾತೂ ಆಡ್ತೇನಿ. ಮನ್ಯಾಗ ಒಂದು ಜೀವ ಐತಿ ಅಂದ್ರ ಹೊತ್ತು ಹೋಗತೈತಿ ನೋಡು.

ನಿಲೋಫರಗ ನನ್ನ ಆಶೀರ್ವಾದ ಹೇಳು. ಆಕೀನೂ ಬದನಿಕಾಯಿ ತಿನ್ನೂದಿಲ್ಲೇನು?

ನೀಲಕ್ಕ

•

ಹಳಿಯಾಳ
17 ನವೆಂಬರ್ 2024

ಪ್ರೀತಿಯ ನೀಲಕ್ಕ,

ತಡವಾಯಿತು. ಇಂಟರ್ನಲ್ಸ್ ಇತ್ತು, ಟೆನ್ಷನ್.

ಮೊಸರಿನ ಗಡಿಗೆಗೆ ಈಗಲೂ ಗೋಣಿಚೀಲ ಹೊದಿಸಿ ಮಾತಾಡಿಸುತ್ತೀರಿ ಎಂದು ಓದಿ ನಗು ಬಂತು. ಮುಂಡಗೋಡದಲ್ಲೂ ನೀವು ಪಾತೇಲಿಗೆ “ಮಲಗವಾ ತಂಗಿ” ಎನ್ನುತ್ತಿದ್ದದ್ದನ್ನು ನಾವು ಅಣಕಿಸುತ್ತಿದ್ದೆವು, ನಿಮಗೆ ಗೊತ್ತಿತ್ತೋ ಇಲ್ಲವೋ.

‘ನಮ್ಮ ಹುಡುಗಿ’ ಎಂದದ್ದಕ್ಕೆ ಸಿಟ್ಟೇ? ಆ ಸಾಲನ್ನು ಎಷ್ಟು ಸಲ ಓದಿದೆನೋ.

ನಿಮಗೆ ಹೇಳಿದ ಹೆಪ್ಪಿನ ಉದಾಹರಣೆಯನ್ನೇ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮಹಾಬಳೇಶ್ವರ ಸರ್ ಮುಂದೆ ಹೇಳಿದೆ. ಸರ್ ಒಂದು ಪ್ರಶ್ನೆ ಕೇಳಿದರು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಎಲ್ಲರೂ ಕೇಳಿ ಖುಷಿಪಟ್ಟರು.

ಶುಗರ್ ಎಷ್ಟಿದೆ ಎಂದು ಬರೆಯಲೇ ಇಲ್ಲ. ಕಡಿಮೆಯಾಗಿರಬೇಕಲ್ಲ?

ಜಾಸ್ಮಿನ

•

ಕ್ಯಾಸಲ್‌ರಾಕ್
26 ಡಿಸೆಂಬರ್ 2024

ಜಾಸ್ಮೀ,

ಸಾಲು ಡೊಂಕ ಬಂದಾವ. ಕಣ್ಣಿಗೆ ಮಂಜು ಕವದಂಗ ಆಗತೈತಿ. ಖರೇ ಮಂಜೋ ಏನೋ.

ಸಕ್ರಿ ಇಳದಿಲ್ಲ. ಎರಡು ಸಲ ಔಷಧ ಏರಿಸ್ಯಾರ, ಆದ್ರೂ ಇಳಿವಲ್ದು. ಡಾಕ್ಟ್ರು ಸಂಜೀವನ ಮುಂದ ಏನೋ ಅಂದ್ರು. ನನಗ ಕೇಳ್ಸಲಿಲ್ಲ, ಮಾರಿ ನೋಡಿದ್ರ ಬೈದಂಗ ಇತ್ತು. ಮನಿಗೆ ಬಂದ ಮ್ಯಾಲ ಸಂಜೀವ ಉಣ್ಣಲಿಲ್ಲ.

ಬಚ್ಚಲ ಒಲಿ ಮುಂದ ಕುಂತಾಗ ಪಾದಕ್ಕ ಕೆಂಡ ಹತ್ತೈತಿ, ಬೊಬ್ಬಿ ಎದ್ದ ಮ್ಯಾಲ ನೋಡಿದೆ. ಉರೀನ ಇಲ್ಲ. ಈಗ ಗಾಡಿ ಬಂದದ್ದೂ ಗೊತ್ತಾಗವಲ್ದು ಜಾಸ್ಮೀ. ಹಳಿ ಕಿತ್ತಾರೇನೋ ಅಂತ ಕಿಡಿಕ್ಯಾಗ ಹಣಿಕಿ ನೋಡ್ತೇನಿ. ಗಾಡಿ ಹೊಂಟಿರ್ತೈತಿ, ಬೊಂಬಿಯಂಗ.

ನಿನ್ನ ಹೆಪ್ಪಿನ ಮ್ಯಾಲ ನನಗೇನೂ ಸಂಶೇ ಇಲ್ಲ. ನಿನ್ನ ಕಾಗದ ಬಂದ ದಿನಾನ ಬಾಟ್ಲಿ ಫ್ರಿಜ್ಜಿನ್ಯಾಗಿಂದ ತಗದು, ತಲಿಗೆ ಹಾಕೂ ಉಣ್ಣೀ ಕುಲಾಯಿಯೊಳಗ ಸುತ್ತಿ, ಬಚ್ಚಲ ಒಲಿ ಬಾಜೂದ ಗೂಡಿನ್ಯಾಗ ಇಟ್ಟೇನಿ. ಹೊಸಾದು ತಂದ್ರೂ ಸಂಜೀವ ಮಲಗಿದಾಗ ಅಲ್ಲೇ ಇಡ್ತೇನಿ. ಒಂದು ದಿನಾ ಥಂಡಿ ತಾಗಿಸಿಲ್ಲ. ಜೀವ ಸತ್ತಿರಬಾರದು. ನನ್ನ ಮೈನ ಸರಿ ಇಲ್ಲ, ಅದಕ್ಕ ಹತ್ತವಲ್ದು.

ಸೂಟಿ ಸಿಕ್ಕಾಗ ಬಾ ಅಂತ ಹೇಳೂದಿಲ್ಲ. ದೂರ ಆಕೈತಿ.

ನೀಲಕ್ಕ

•

ಹಳಿಯಾಳ
12 ಜನವರಿ 2025

ಪ್ರೀತಿಯ ನೀಲಕ್ಕ,

ನಿಮ್ಮ ಪತ್ರ ಓದಿದ ಮರುದಿನವೇ ಅಳ್ನಾವರಕ್ಕೆ ಬಸ್ಸು ಹಿಡಿದು ಅಲ್ಲಿಂದ ರೈಲು ಹತ್ತಿ ಬಂದೆ. ಬಂದವಳು ನಿಮ್ಮ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ರಾಮನಗರದ ಆಸ್ಪತ್ರೆಯಲ್ಲಿ ನೀವು ನನ್ನ ಮತ್ತು ಸಂಜೀವಣ್ಣನ ನಡುವೆ ಕುಳಿತು ಇಬ್ಬರ ಮುಖವನ್ನೂ ನೋಡುತ್ತಿದ್ದಿರಿ. ನಿಮಗೆ ಕೇಳಿಸದ್ದನ್ನು ಈಗ ಬರೆಯುತ್ತೇನೆ. ನಿಮ್ಮ ಬಗ್ಗೆ ಆಡಿದ ಮಾತು ನಿಮಗೆ ಗೊತ್ತಿರಬೇಕು.

ಡಾಕ್ಟರು ರಿಪೋರ್ಟ್ ನೋಡಿ ಅಂದರು, “ಅಜ್ಜಿ ಸೂಜಿ ತಗೊಳ್ಳೋದೇ ಇಲ್ಲ. ತಗೊಂಡಿದ್ರೆ ಇಷ್ಟು ಇರೋಕೆ ಸಾಧ್ಯನೇ ಇಲ್ಲ.”

ಸಂಜೀವಣ್ಣ ಎದ್ದು ನಿಂತುಬಿಟ್ಟರು. “ಸರ್, ಹೋದ ಸಲಾನೂ ಇದನ್ನ ಅಂದ್ರಿ, ಸುಮ್ಮನ ಹೋದೆ. ನಮ್ಮತ್ತಿ ಸುಳ್ಳು ಹೇಳಾಕಿ ಅಲ್ರೀ. ಬೇಕಾದ್ರ ಹೊಟ್ಟಿ ಮ್ಯಾಲಿನ ಚುಕ್ಕಿ ನೋಡ್ರಿ.”

ನಾನು ಚೀಲದಿಂದ ಆ ಕುಲಾಯಿ ತೆಗೆದು ಮೇಜಿನ ಮೇಲಿಟ್ಟೆ. ಬಾಟಲಿ ಇನ್ನೂ ಹೊಗೆ ವಾಸನೆ ಹೊಡೆಯುತ್ತಿತ್ತು. ಬಿಸಿಗೆ ಇನ್ಸುಲಿನ್ ಕೆಡುತ್ತದೆ, ಕೆಟ್ಟದ್ದು ನೋಡಿದರೆ ಗೊತ್ತಾಗಲೇಬೇಕೆಂದಿಲ್ಲ, ಇಷ್ಟು ದಿನ ನೀವು ಚುಚ್ಚಿಕೊಂಡದ್ದು ಬರೀ ನೀರಿದ್ದಂತೆ ಎಂದರು ಡಾಕ್ಟರು. ಅವರ ದನಿ ಮೆತ್ತಗಾಯಿತು. ಹೊಸ ಬಾಟಲಿಗೆ ಮೊದಲಿನಷ್ಟೇ ಅಳತೆ ಬರೆದುಕೊಟ್ಟರು. ಏರಿಸಿದ ಅಳತೆಯಲ್ಲಿ ಒಳ್ಳೆಯ ಔಷಧ ಹೋದರೆ ಸಕ್ಕರೆ ಪೂರಾ ಇಳಿದು ತಲೆ ತಿರುಗಿ ಬೀಳುತ್ತೀರಿ. ದಯವಿಟ್ಟು ಹಳೆಯ ಚೀಟಿ ಹರಿದು ಹಾಕಿ.

ಆಮೇಲೆ ಡಾಕ್ಟರು ನಿಮ್ಮ ಕಿವಿಯ ಬಳಿ ಬಂದು ಕೂಗಿದರು, “ಒಲೆ ಹತ್ರ ಇಡು ಅಂತ ಯಾರು ಹೇಳಿದ್ದು?” ಅದು ನಿಮಗೆ ಕೇಳಿಸಿತು. ನೀವು ನನ್ನ ಕಡೆ ನೋಡಲೇ ಇಲ್ಲ. “ಯಾರೂ ಹೇಳಿಲ್ರೀ. ನನ್ನ ಬುದ್ಧಿ” ಎಂದಿರಿ. ನಾನು ಕುಲಾಯಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು ನಾನು ಫ್ರಿಜ್ಜಿನ ಮುಂದೆ ನಿಂತು ಕೂಗಿ ಹೇಳಿದೆ, ಔಷಧ ತಯಾರಾದ ಮೇಲೆ ಬ್ಯಾಕ್ಟೀರಿಯಾವನ್ನು ಸಾಯಿಸಿ, ಸೋಸಿ, ತೆಗೆದುಬಿಡುತ್ತಾರೆ, ಬಾಟಲಿಯಲ್ಲಿ ಜೀವ ಇಲ್ಲ ನೀಲಕ್ಕಾ, ಜೀವ ಇಲ್ಲ. “ಒದರಬ್ಯಾಡ, ಪುಂಡಲೀಕನ ಹೇಣ್ತಿ ಕೇಳ್ತಾಳ” ಎಂದಿರಿ ನೀವು. ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ಕೇಳಿದಿರಿ, “ಅಂದ್ರ ಇದರಾಗ ಯಾರೂ ಇಲ್ಲೇನು?”

ನಾನು ಇಲ್ಲ ಎಂದು ತಲೆಯಾಡಿಸಿದೆ. ವಿಜ್ಞಾನದ ಪ್ರಕಾರ ಅದೇ ಸರಿ ಉತ್ತರ.

ಹೊರಡುವಾಗ ನೀವು ಸ್ಟೀಲ್ ಡಬ್ಬಿಯಲ್ಲಿ ಕೊಟ್ಟ ಹೆಪ್ಪನ್ನು ಜೋಪಾನವಾಗಿ ತಂದಿದ್ದೇನೆ. ಸೂಜಿ ತಪ್ಪಿಸಬೇಡಿ. ಪಾದದ ಗಾಯಕ್ಕೆ ನೀರು ತಾಗಿಸಬೇಡಿ.

ಜಾಸ್ಮಿನ

•

ಕ್ಯಾಸಲ್‌ರಾಕ್
27 ಜನವರಿ 2025

ಜಾಸ್ಮೀ,

ಹೆಪ್ಪು ಕೂಡ್ತೋ ಇಲ್ಲೋ? ಹಾಸ್ಟೆಲಿನ ಹಾಲು ನೀರಾಗಿದ್ರ ಕೂಡೂದಿಲ್ಲ. ಉಗುರ ಬೆಚ್ಚಗ ಇರಬೇಕು, ಬೆರಳ ಅದ್ದಿದ್ರ ಸುಡಬಾರದು. ಅಲುಗಾಡಸಬ್ಯಾಡ.

ನಾನು ಆರಾಮ ಅದೇನಿ. ಸಂಜೀವ ಆರಾಮ ಅದಾನ.

ನೀಲಕ್ಕ

•

ಹಳಿಯಾಳ
15 ಫೆಬ್ರವರಿ 2025

ಪ್ರೀತಿಯ ನೀಲಕ್ಕ,

ನಿಮ್ಮ ಕಾರ್ಡಿನಲ್ಲಿ ಸೂಜಿಯ ಮಾತೇ ಇರಲಿಲ್ಲ. ಅದಾದ ಮೇಲೆ ಎರಡು ಪತ್ರ ಹಾಕಿದೆ, ಉತ್ತರವಿಲ್ಲ. ನಿನ್ನೆ ಸಂಜೀವಣ್ಣನ ಫೋನು ಹತ್ತಿತು, ಲೋಂಡಾದಲ್ಲಿದ್ದರು. “ತಗೋತೇನಿ ಅಂತಾಳವಾ. ಆದ್ರ ಬಾಟ್ಲಿಯೊಳಗಿಂದು ಇಳದಂಗ ಕಾಣವಲ್ದು. ಕೇಳಿದ್ರ ಕಿವಿ ಕೇಳಲಾರದಂಗ ಮಾಡ್ತಾಳ. ನಿನ್ನ ಮಾತು ಕೇಳ್ತಾಳ, ನೀ ಬರಿ” ಎಂದರು.

ನನ್ನ ಮಾತು ನೀವು ಇನ್ನು ಯಾಕೆ ಕೇಳಬೇಕು? ಅದನ್ನೇ ಯೋಚಿಸುತ್ತಿದ್ದೆ. ಅದಕ್ಕೆ ಮುಚ್ಚಿಟ್ಟದ್ದನ್ನೆಲ್ಲ ಬರೆದುಬಿಡುತ್ತೇನೆ.

ವೈವಾದಲ್ಲಿ ಸರ್ ಕೇಳಿದ ಪ್ರಶ್ನೆ ಇದು: “ಮೊಸರಿನಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತದೆ. ಇನ್ಸುಲಿನ್ ಬಾಟಲಿಯಲ್ಲಿ ಉಳಿಯುತ್ತದೆಯೇ?” ನನಗೆ ಉತ್ತರ ಗೊತ್ತಿತ್ತು, ಇಂಗ್ಲಿಷಿನಲ್ಲಿ ಹೇಳಲು ಹೋಗಿ ತಡವರಿಸಿದೆ. ಯಾರೂ ಖುಷಿಪಡಲಿಲ್ಲ ನೀಲಕ್ಕ, ನಕ್ಕರು. ಅವತ್ತಿನಿಂದ ನನ್ನನ್ನು ‘ಕರ್ಡ್’ ಎಂದು ಕರೆಯುತ್ತಾರೆ. “ಏ ಕರ್ಡ್, ಮೇಲೆ ಕೆನೆ ಬಂತೇನು?” ಎನ್ನುತ್ತಾರೆ. ಹೆಪ್ಪಿನ ಮಾತು ಅರ್ಧಸತ್ಯ ಎಂದು ನಿಮಗೆ ಅವತ್ತೇ ಬರೆಯಬಹುದಿತ್ತು. ನನ್ನನ್ನು ನಂಬಿದ್ದು ನೀವೊಬ್ಬರೇ, ಅದನ್ನು ಅಳಿಸಲು ಮನಸ್ಸಾಗಲಿಲ್ಲ. ನಿಮ್ಮ ‘ಬೆಚ್ಚಗ ಇಟ್ಟೇನಿ’ ಎಂಬ ಮಾತನ್ನು ಮೊಸರಿನ ಗಡಿಗೆಗೆ ಎಂದು ಓದಿಕೊಂಡು ಸುಮ್ಮನಾದೆ.

ಇನ್ನೊಂದು ಇದೆ. ಇನ್ಸುಲಿನ್ ಮಾಡುವ ಆ ಬ್ಯಾಕ್ಟೀರಿಯಾ ಮೊಸರಿನದಲ್ಲ. ಅದರ ಜಾತಿಯವು ನಮ್ಮೆಲ್ಲರ ಕರುಳಿನಲ್ಲೇ ಇರುತ್ತವೆ, ನಿಮ್ಮದರಲ್ಲಿ, ನನ್ನದರಲ್ಲಿ, ಪುಂಡಲೀಕನ ಹೆಂಡತಿಯದರಲ್ಲೂ. ಹೇಸಿಕೊಳ್ಳುತ್ತೀರೆಂದು ಹೇಳಿರಲಿಲ್ಲ. ಹೇಸಿಕೊಂಡರೂ ಪರವಾಗಿಲ್ಲ, ತಗೊಳ್ಳಿ.

ಹೆಪ್ಪು ಕೂಡಲಿಲ್ಲ. ಮೂರು ಸಲ ಹಾಕಿದೆ, ಸ್ವೆಟರಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಮೂರನೆಯ ಸಲ ಹುಳಿ ವಾಸನೆ ಎಂದು ರೂಮ್‌ಮೇಟ್‌ಗಳು ಡಬ್ಬಿಯನ್ನೇ ತೊಳೆದಿಟ್ಟರು. ಈಗ ನನ್ನ ಹತ್ತಿರ ಒಂದು ಹನಿ ಹೆಪ್ಪೂ ಇಲ್ಲ.

ನಿಲೋಫರ ಎಂಬ ಫ್ರೆಂಡ್ ಇಲ್ಲ. ಹಾಜರಿ ಕೂಗುವಾಗ ಕೇಳಿದ ಹೆಸರು ಅದು, ಅವಳು ನನ್ನ ಜೊತೆ ಒಮ್ಮೆಯೂ ಮಾತಾಡಿಲ್ಲ. ನಿಮ್ಮ ಆಶೀರ್ವಾದವನ್ನು ನಾನೇ ಇಟ್ಟುಕೊಂಡೆ. ಕ್ಯಾಂಟೀನಿಗೂ ಹೋಗುವುದಿಲ್ಲ. ಬಿಸ್ಕತ್ತು ತಂದು ರೂಮಿನಲ್ಲೇ ತಿನ್ನುತ್ತೇನೆ.

ಬಾಟಲಿಯಲ್ಲಿ ಯಾರೂ ಇಲ್ಲ, ಅದು ಖರೇ. ಇಲ್ಲಿಯೂ ಯಾರೂ ಇಲ್ಲ.

ಹನ್ನೊಂದು ದಿನಕ್ಕೆ ಶಿವರಾತ್ರಿ. ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ. ಸೂಜಿ ತಗೊಂಡು ಏನೂ ತಿನ್ನದಿದ್ದರೆ ಅಪಾಯ, ಉಪವಾಸವೆಂದು ಸೂಜಿ ಬಿಟ್ಟರೂ ಅಪಾಯ. ನಿಮ್ಮ ದೇವರು ಒಂದು ವರ್ಷ ಮಾಫಿ ಕೊಡುತ್ತಾನೆ, ನಮ್ಮಲ್ಲಿ ಕಾಯಿಲೆಯವರಿಗೆ ಇದೆ. ಅದಾದ ಮೇಲೆ ನಮ್ಮ ರಂಜಾನ್ ಬರುತ್ತದೆ. ಈ ಸಲ ಕಾಲು ಜಗ್ಗಿ ಎಬ್ಬಿಸುವವರಿಲ್ಲ. ಶುಗರ್ ಇಳಿದರೆ ನಿಮ್ಮ ಅಂಗಾಲಿಗೆ ಮತ್ತೆ ಗಾಡಿ ಬರಬಹುದು, ಬರಲಿಕ್ಕಿಲ್ಲ, ಗೊತ್ತಿಲ್ಲ. ಇನ್ನು ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆಯುವುದಿಲ್ಲ. ಪರೀಕ್ಷೆ ಮುಗಿದ ದಿನವೇ ಬಂದು ಹೆಪ್ಪು ಇಸಿದುಕೊಂಡು ಹೋಗುತ್ತೇನೆ, ನನ್ನ ಸಲುವಾಗಿ ಸ್ವಲ್ಪ ಎತ್ತಿಡಿ.

ಈಗ ಒಂದೇ ಮಾತು ಕೇಳುತ್ತಿದ್ದೇನೆ. ಸೂಜಿ ತಗೊಳ್ಳುತ್ತಿದ್ದೀರಾ, ಇಲ್ಲವಾ? ಕಣ್ಣು ಮಂಜಾಗಿದ್ದರೆ ಉದ್ದ ಬರೆಯಬೇಡಿ. ಹೌದು ಅಥವಾ ಇಲ್ಲ, ಅಷ್ಟೇ ಸಾಕು. ಬೇಗ ಬರೆಯಿರಿ.

ನಿಮ್ಮ ಹುಡುಗಿ
ಜಾಸ್ಮಿನ